ತನ್ನ ಹೃದಯಕ್ಕೇ ನಳಿಕೆ ಇಳಿಸಿಕೊಂಡ ವೈದ್ಯ ವರ್ನರ್ ಫೋರ್ಸ್‌ಮನ್

ನಮ್ಮ ಸೇಲಂ, ಧರ್ಮಪುರಿ ಜಿಲ್ಲೆಗಳ ಸರ್ಕಾರಿ ಶಾಲೆಗಳಿಗೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಬಂದು ಮಕ್ಕಳನ್ನು ಪರೀಕ್ಷಿಸಿ ಹೋಗುತ್ತದೆ. 2013ರಲ್ಲಿ ಆರಂಭವಾದ ಈ ಯೋಜನೆಯ ಪಟ್ಟಿಯಲ್ಲಿ ಹುಟ್ಟಿನಿಂದ ಬಂದ ಹೃದಯದೋಷವೂ ಸೇರಿದೆ. ಎದೆಯಲ್ಲಿ ಅಸಹಜ ಸದ್ದು ಕೇಳಿಸಿದ ಮಗುವಿಗೆ ದೊಡ್ಡ ಆಸ್ಪತ್ರೆಗೆ ಹೋಗಲು ಚೀಟಿ ಬರೆದುಕೊಡುತ್ತಾರೆ. ಅಲ್ಲಿ ಕೆಲವರಿಗೆ, ತೊಡೆಯ ರಕ್ತನಾಳದಿಂದ ಹೃದಯಕ್ಕೆ ನಳಿಕೆ ಹಾಕಿ ಸರಿಪಡಿಸಬೇಕೆಂದು ತಿಳಿಸುತ್ತಾರೆ. ಕನ್ನಡ ಶಾಲೆಯಲ್ಲಿ ಓದಿದ ತಾಯಿಗೆ ತಮಿಳು ಮಾತು ತಿಳಿದರೂ ಅಕ್ಷರ ತಿಳಿಯದು. ಸಹಿ ಹಾಕಬೇಕಾದ ಕಾಗದ ಇಂಗ್ಲಿಷಿನಲ್ಲಿದ್ದರಂತೂ ಹೇಳುವುದೇ ಬೇಡ. ಹೆದರಿ ಆ ಚೀಟಿಯನ್ನು ಮಡಚಿ ಪೆಟ್ಟಿಗೆಯಲ್ಲಿಟ್ಟ ಮನೆಗಳನ್ನು ನಾವು ಬಲ್ಲೆವು. ಆ ನಳಿಕೆ ಮೊದಲು ಯಾರ ಹೃದಯವನ್ನು ಹೊಕ್ಕಿತೆಂಬುದನ್ನು ಅಂತಹ ಮನೆಗಳಿಗಾಗಿ ಇಲ್ಲಿ ಬರೆಯುತ್ತಿದ್ದೇವೆ.

ವರ್ನರ್ ಫೋರ್ಸ್‌ಮನ್ 1904ರ ಆಗಸ್ಟ್ 29ರಂದು ಜರ್ಮನಿಯ ಬರ್ಲಿನ್ ನಗರದಲ್ಲಿ ಜನಿಸಿದರು. ವಕೀಲರಾಗಿದ್ದ ತಂದೆ ಮೊದಲ ಮಹಾಯುದ್ಧದಲ್ಲಿ ಮಡಿದರು. ಒಬ್ಬನೇ ಮಗನನ್ನು ತಾಯಿ ಓದಿಸಿದರು. ವೈದ್ಯವಿದ್ಯೆ ಮುಗಿಸಿದ ಫೋರ್ಸ್‌ಮನ್ ಬರ್ಲಿನ್ನಿಗೆ ಸಮೀಪದ ಎಬರ್ಸ್‌ವಾಲ್ಡೆ ಎಂಬ ಸಣ್ಣ ಊರಿನ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ಕಲಿಯಲು ಸೇರಿದರು.

ಓದುವ ದಿನಗಳಲ್ಲಿ ಪುಸ್ತಕವೊಂದರಲ್ಲಿ ಕಂಡ ಚಿತ್ರವೊಂದು ಅವರ ಮನಸ್ಸಿನಲ್ಲಿ ನಿಂತಿತ್ತು. ಹತ್ತೊಂಬತ್ತನೆಯ ಶತಮಾನದ ಫ್ರೆಂಚ್ ವಿಜ್ಞಾನಿಗಳು ಕುದುರೆಯ ಕತ್ತಿನ ರಕ್ತನಾಳದ ಮೂಲಕ ಹೃದಯಕ್ಕೆ ನಳಿಕೆ ಇಳಿಸಿ ಒತ್ತಡವನ್ನು ಅಳೆಯುತ್ತಿದ್ದ ಚಿತ್ರವದು. ಕುದುರೆಗೆ ಅಪಾಯವಾಗದಿದ್ದರೆ ಮನುಷ್ಯನಿಗೇಕೆ ಆದೀತು? ತುರ್ತು ಸಮಯದಲ್ಲಿ ಎದೆಗೆ ಸೂಜಿ ಚುಚ್ಚಿ ಹೃದಯಕ್ಕೆ ಔಷಧ ಕೊಡುವ ಅಪಾಯಕಾರಿ ಪದ್ಧತಿಗಿಂತ, ತೋಳಿನ ರಕ್ತನಾಳದ ದಾರಿಯಲ್ಲಿ ಸಾಗುವುದೇ ಕ್ಷೇಮವೆಂದು ಅವರ ತರ್ಕ. ಹೃದಯವನ್ನು ಮುಟ್ಟಿದರೆ ಸಾವೇ ಎಂದು ವೈದ್ಯಲೋಕ ನಂಬಿದ್ದ ಕಾಲವದು. ಮೇಲಧಿಕಾರಿ ರಿಚರ್ಡ್ ಶ್ನೈಡರ್ ಅನುಮತಿ ನಿರಾಕರಿಸಿದರು.

1929ರ ಬೇಸಿಗೆ, ಫೋರ್ಸ್‌ಮನ್‌ಗೆ ಇಪ್ಪತ್ತೈದರ ಆಸುಪಾಸು. ಶುದ್ಧೀಕರಿಸಿದ ಉಪಕರಣಗಳು ದಾದಿ ಗೆರ್ಡಾ ಡಿಟ್ಜೆನ್ ಅವರ ವಶದಲ್ಲಿದ್ದವು. ಫೋರ್ಸ್‌ಮನ್ ಆಕೆಗೆ ತಮ್ಮ ವಿಚಾರವನ್ನು ವಿವರಿಸಿದಾಗ, ಪ್ರಯೋಗ ತನ್ನ ಮೇಲೆಯೇ ನಡೆಯಲೆಂದು ಆಕೆ ಒಪ್ಪಿದರು. ಆಕೆಯನ್ನು ಮೇಜಿಗೆ ಕಟ್ಟಿ, ತೋಳಿಗೆ ಅಯೋಡಿನ್ ಹಚ್ಚುವ ನಟನೆ ಮಾಡುತ್ತಲೇ ಫೋರ್ಸ್‌ಮನ್ ತಮ್ಮ ಎಡಮೊಣಕೈಯ ರಕ್ತನಾಳವನ್ನು ತೆರೆದು ಮೂತ್ರನಾಳದ ಚಿಕಿತ್ಸೆಗೆ ಬಳಸುವ ತೆಳುವಾದ ನಳಿಕೆಯನ್ನು ಒಳಗೆ ತಳ್ಳಿಕೊಂಡಿದ್ದರು. ಆಕೆಗೆ ತಿಳಿಯುವಷ್ಟರಲ್ಲಿ ಅರ್ಧ ದಾರಿ ಮುಗಿದಿತ್ತು. ಕಟ್ಟು ಬಿಚ್ಚಿ, ಆಕೆಯೊಡನೆ ಮೆಟ್ಟಿಲಿಳಿದು ಅವರು ಎಕ್ಸ್‌ರೇ ಕೋಣೆಗೆ ನಡೆದರು. ನಳಿಕೆ ತೋಳಿನಲ್ಲೇ ಇತ್ತು! ಆಕೆ ಹಿಡಿದ ಕನ್ನಡಿಯಲ್ಲಿ ಎಕ್ಸ್‌ರೇ ಪರದೆಯನ್ನು ನೋಡುತ್ತ, ಸುಮಾರು 65 ಸೆಂಟಿಮೀಟರ್ ಉದ್ದದ ನಳಿಕೆಯನ್ನು ಹೃದಯದ ಬಲಭಾಗದವರೆಗೆ ಮುಟ್ಟಿಸಿ ಚಿತ್ರ ತೆಗೆಸಿಕೊಂಡರು. ದಾದಿಯನ್ನು ವಂಚಿಸಿದ್ದನ್ನು ನಾವು ಮೆಚ್ಚುವುದಿಲ್ಲ. ಆದರೆ ಅಪಾಯವನ್ನು ಆಕೆಯ ಮೈಗೆ ಹೊರಿಸದೆ ತಾವೇ ಹೊತ್ತರು ಎಂಬುದನ್ನೂ ಮರೆಯಲಾಗದು.

ಅದೇ ವರ್ಷ ನವೆಂಬರಿನಲ್ಲಿ ಈ ಕುರಿತ ಲೇಖನ ಪ್ರಕಟವಾಯಿತು. ಬರ್ಲಿನ್ನಿನ ಪ್ರಖ್ಯಾತ ಶಾರಿಟೆ ಆಸ್ಪತ್ರೆಯಲ್ಲಿ ಸ್ಥಾನ ದೊರಕಿತಾದರೂ ಅಲ್ಲಿನ ಮಹಾವೈದ್ಯ ಸಾವರ್‌ಬ್ರೂಖ್ ಅವರನ್ನು ಹೊರಹಾಕಿದರು. ಮುಂದೆಯೂ ಅವರು ತಮ್ಮ ಮೇಲೆ ಪ್ರಯೋಗ ನಡೆಸಿದರು, ನಾಯಿಗಳ ಮೇಲೂ ನಡೆಸಿದರು. ಹುರಿದುಂಬಿಸುವವರು ಮಾತ್ರ ಸಿಗಲಿಲ್ಲ. ಕಡೆಗೆ ಹೃದಯದ ವಿಷಯವನ್ನೇ ಬಿಟ್ಟು ಮೂತ್ರಾಂಗಗಳ ಶಸ್ತ್ರಚಿಕಿತ್ಸೆಯತ್ತ ತಿರುಗಿದರು. 1933ರಲ್ಲಿ ವೈದ್ಯೆ ಎಲ್ಸ್‌ಬೆಟ್ ಎಂಗೆಲ್ ಅವರನ್ನು ವಿವಾಹವಾದರು, ಆರು ಮಕ್ಕಳಾದರು.

ಅವರ ಬದುಕಿನ ಕಪ್ಪು ಪುಟವನ್ನು ಮುಚ್ಚಿಡುವುದು ಸಲ್ಲದು. 1932ರಲ್ಲೇ ಅವರು ನಾಜಿ ಪಕ್ಷದ ಸದಸ್ಯರಾದರು. ಎರಡನೆಯ ಮಹಾಯುದ್ಧದಲ್ಲಿ ಸೇನಾವೈದ್ಯರಾಗಿದ್ದು ಕೊನೆಗೆ ಅಮೆರಿಕನ್ನರ ಸೆರೆಯಾಳಾದರು. ಯುದ್ಧಾನಂತರ ಪತ್ನಿಯೊಡನೆ ಹಳ್ಳಿಯ ವೈದ್ಯರಾಗಿಯೂ, ಬಳಿಕ ಬಾಡ್ ಕ್ರೊಯ್ಟ್ಸ್‌ನಾಖ್ ಎಂಬ ಊರಿನಲ್ಲಿಯೂ ವೃತ್ತಿ ನಡೆಸಿದರು.

ಅತ್ತ ನ್ಯೂಯಾರ್ಕಿನ ಬೆಲ್‌ವ್ಯೂ ಆಸ್ಪತ್ರೆಯಲ್ಲಿ ಆಂದ್ರೆ ಕೂರ್ನಾ ಮತ್ತು ಡಿಕಿನ್ಸನ್ ರಿಚರ್ಡ್ಸ್ 1940ರ ದಶಕದಲ್ಲಿ ಇದೇ ವಿಧಾನದಿಂದ ಹೃದಯ ಹಾಗೂ ಶ್ವಾಸಕೋಶಗಳ ರಕ್ತಸಂಚಾರವನ್ನು ಅಳೆಯಲಾರಂಭಿಸಿದ್ದರು. 1956ರಲ್ಲಿ ಆ ಇಬ್ಬರೊಡನೆ ಫೋರ್ಸ್‌ಮನ್ನರಿಗೂ ನೊಬೆಲ್ ಪ್ರಶಸ್ತಿ ಬಂದಿತು. ಪ್ರಯೋಗ ನಡೆದು ಇಪ್ಪತ್ತೇಳು ವರ್ಷಗಳಾಗಿದ್ದವು.

ಅಳೆಯಲು ಹೋದ ನಳಿಕೆ ಮಕ್ಕಳಿಗೆ ಚಿಕಿತ್ಸೆಯನ್ನೂ ಕೊಂಡೊಯ್ಯಿತು. 1966ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ವಿಲಿಯಂ ರಾಶ್‌ಕಿಂಡ್, ಮೈ ನೀಲಿಗಟ್ಟಿದ ನವಜಾತ ಶಿಶುಗಳ ಹೃದಯಕ್ಕೆ ತುದಿಯಲ್ಲಿ ಬಲೂನಿರುವ ನಳಿಕೆ ಇಳಿಸಿ, ಮೇಲಿನ ಎರಡು ಕೋಣೆಗಳ ನಡುವಿನ ರಂಧ್ರವನ್ನು ಹಿಗ್ಗಿಸಿ ರಕ್ತ ಬೆರೆಯುವಂತೆ ಮಾಡಿದರು, ಎದೆ ಸೀಳಬೇಕಾಗಲಿಲ್ಲ. ಮಹಾಧಮನಿಗೂ ಶ್ವಾಸಕೋಶದ ಧಮನಿಗೂ ನಡುವೆ ಹುಟ್ಟಿದ ಮೇಲೆ ಮುಚ್ಚಿಕೊಳ್ಳಬೇಕಾದ ನಾಳವೊಂದು ಕೆಲವು ಮಕ್ಕಳಲ್ಲಿ ತೆರೆದೇ ಉಳಿಯುತ್ತದೆ. ಅದನ್ನು ನಳಿಕೆಯ ಮೂಲಕ ಮುಚ್ಚುವ ವಿಧಾನವನ್ನು 1967ರಲ್ಲಿ ಪ್ರಕಟಿಸಿದ ವರ್ನರ್ ಪೋರ್ಸ್ಟ್‌ಮನ್ ಕೆಲಸ ಮಾಡುತ್ತಿದ್ದುದು ಬರ್ಲಿನ್ನಿನ ಅದೇ ಶಾರಿಟೆ ಆಸ್ಪತ್ರೆಯಲ್ಲಿ! ಫೋರ್ಸ್‌ಮನ್ 1979ರ ಜೂನ್ 1ರಂದು ಹೃದಯವೈಫಲ್ಯದಿಂದಲೇ ತೀರಿಕೊಂಡರು. ಮೂರು ವರ್ಷಗಳ ಬಳಿಕ, 1982ರಲ್ಲಿ, ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯ ಜೀನ್ ಕಾನ್ ಎಂಬ ವೈದ್ಯೆಯೂ ಸಂಗಡಿಗರೂ ಶ್ವಾಸಕೋಶಕ್ಕೆ ರಕ್ತ ಹೋಗುವ ಕಿರಿದಾದ ಕವಾಟವನ್ನು ಬಲೂನಿನಿಂದ ಹಿಗ್ಗಿಸಿದ್ದನ್ನು ವರದಿ ಮಾಡಿದರು.

ಎಲ್ಲ ದೋಷಗಳೂ ನಳಿಕೆಯಿಂದ ಸರಿಯಾಗುವುದಿಲ್ಲ. ಕೆಲವಕ್ಕೆ ತೆರೆದ ಶಸ್ತ್ರಚಿಕಿತ್ಸೆಯೇ ಬೇಕು, ಕೆಲವು ಸಣ್ಣ ರಂಧ್ರಗಳು ತಾವಾಗಿ ಮುಚ್ಚಿಕೊಳ್ಳುತ್ತವೆ. ಯಾವುದೆಂದು ಎಕೋ ಪರೀಕ್ಷೆ ಮಾಡಿದ ವೈದ್ಯರೇ ಹೇಳಬೇಕು. ಹಾಲು ಕುಡಿಯುವಾಗ ಬೆವರುವ, ಏದುಸಿರು ಬಿಡುವ, ತೂಕ ಏರದ, ತುಟಿ ನೀಲಿಗಟ್ಟುವ ಮಗುವನ್ನು ಚೀಟಿಗೆ ಕಾಯದೆ ಕರೆದೊಯ್ಯಬೇಕು. ಚೀಟಿ ದೊರೆತವರು ಜಿಲ್ಲಾ ಕೇಂದ್ರದ ಆಸ್ಪತ್ರೆಗೆ ಹೋಗುವಾಗ ತಮಿಳು ಓದಬಲ್ಲ ನೆರೆಯವರನ್ನೋ ಶಾಲೆಯ ಮೇಷ್ಟ್ರನ್ನೋ ಜೊತೆಗೆ ಕರೆದುಕೊಂಡು ಹೋಗಿ, ಕಾಗದದಲ್ಲಿರುವುದನ್ನು ಪೂರ್ತಿ ಓದಿಸಿ ಕೇಳಿದ ಮೇಲೆಯೇ ಸಹಿ ಹಾಕಿರಿ. ಮುಖ್ಯಮಂತ್ರಿಗಳ ವಿಮಾ ಯೋಜನೆಯ ಕಾರ್ಡ್ ಇದ್ದರೆ ಅದನ್ನೂ ಒಯ್ಯಿರಿ. ಕರೆದರೆ ನಾವೂ ಬರುತ್ತೇವೆ.