ಆಲ್‌ಫ್ರೆಡ್ ರಸೆಲ್ ವಾಲೇಸ್ (1823–1913)

ವೇಲ್ಸ್‌ನಲ್ಲಿ ಹುಟ್ಟಿದ ವಾಲೇಸರು ಬಡತನದಿಂದಾಗಿ ಹದಿನಾಲ್ಕನೇ ವಯಸ್ಸಿಗೇ ಶಾಲೆ ಬಿಟ್ಟರು. ಅಣ್ಣನ ಜೊತೆ ಜಮೀನು ಅಳತೆ ಮಾಡುತ್ತಲೇ ಗಿಡಗಳನ್ನು ಗುರುತಿಸಲು ಕಲಿತರು. 1848ರಲ್ಲಿ ಅಮೆಜಾನ್‌ಗೆ ಹೋಗಿ ನಾಲ್ಕು ವರ್ಷ ಹಕ್ಕಿ, ಕೀಟಗಳನ್ನು ಸಂಗ್ರಹಿಸಿದರು. ಮರಳುವಾಗ ನಡುಗಡಲಲ್ಲಿ ಹಡಗಿಗೆ ಬೆಂಕಿ ಬಿದ್ದು, ಜೊತೆಗಿದ್ದ ಸಂಗ್ರಹವೆಲ್ಲ ಸುಟ್ಟುಹೋಯಿತು. ಹತ್ತು ದಿನ ದೋಣಿಯಲ್ಲಿ ಕಳೆದು ಬದುಕುಳಿದರು.

ಎದೆಗುಂದದೆ 1854ರಲ್ಲಿ ಮಲಯ ದ್ವೀಪಗಳಿಗೆ ಹೊರಟು, ಎಂಟು ವರ್ಷಗಳಲ್ಲಿ ಒಂದೂಕಾಲು ಲಕ್ಷ ಮಾದರಿಗಳನ್ನು ಕೂಡಿಸಿದರು. ಬಾಲಿ, ಲೊಂಬಾಕ್ ಅಕ್ಕಪಕ್ಕದ ದ್ವೀಪಗಳು. ಆದರೂ ಬಾಲಿಯ ಹಕ್ಕಿಗಳು ಏಷ್ಯಾದ ಬಳಗದವು, ಲೊಂಬಾಕ್‌ನ ಹಲವು ಹಕ್ಕಿಗಳು ಆಸ್ಟ್ರೇಲಿಯಾದ ಬಳಗದವು. ಆಳವಾದ ಕಡಲು ಬೇರ್ಪಡಿಸಿದ ಜೀವಿಗಳು ಬೇರೆ ಬೇರೆಯಾಗಿಯೇ ವಿಕಾಸಗೊಂಡಿವೆ ಎಂಬುದಕ್ಕೆ ಇದು ಸಾಕ್ಷಿಯಾಯಿತು.

1858ರಲ್ಲಿ ಜ್ವರದಿಂದ ಮಲಗಿದ್ದಾಗ ನೈಸರ್ಗಿಕ ಆಯ್ಕೆಯ ತತ್ವ ಹೊಳೆಯಿತು. ಬರೆದು ಡಾರ್ವಿನ್ನರಿಗೆ ಕಳುಹಿಸಿದರು. ಅದೇ ವರ್ಷ ಲಂಡನ್ನಿನ ಲಿನ್ನಿಯನ್ ಸೊಸೈಟಿಯಲ್ಲಿ ಇಬ್ಬರ ಬರಹಗಳನ್ನೂ ಒಟ್ಟಿಗೆ ಓದಲಾಯಿತು. ಕಾಲೇಜಿನಲ್ಲಿ ಓದದವರ ಹೆಸರು ಹೀಗೆ ವಿಜ್ಞಾನದಲ್ಲಿ ಉಳಿಯಿತು.