ಬೆಸ್ಸಿ ಕೋಲ್ಮನ್ ಸಾವಿಗೆ ಕಾರಣ ಒಂದು ಸ್ಪ್ಯಾನರ್ ಮಾತ್ರವೇ?

ವಿಮಾನ ಹಾರಿಸಿದ ಮೊದಲ ಕಪ್ಪು ಮಹಿಳೆ ಒಂದು ಸ್ಪ್ಯಾನರ್‌ನಿಂದಾಗಿ ಆಕಾಶದಿಂದ ಬಿದ್ದು ಸತ್ತರು. ಬೆಸ್ಸಿ ಕೋಲ್ಮನ್ ಅವರ ಕಥೆಯನ್ನು ಹೀಗೆ ಒಂದೇ ಸಾಲಿನಲ್ಲಿ ಹೇಳಿ ಮುಗಿಸಬಹುದು. ಫಾರ್ವರ್ಡ್ ಮಾಡಲೂ ಚೆನ್ನಾಗಿರುತ್ತದೆ. ಈ ಸಾಲು ಸುಳ್ಳಲ್ಲ, ಆದರೆ ಅರ್ಧ ಸತ್ಯ. ಉಳಿದ ಅರ್ಧ ನಮ್ಮ ನಿಮ್ಮ ದಿನನಿತ್ಯದ ಓಡಾಟಕ್ಕೂ ಸಂಬಂಧಿಸಿದ್ದು. ಬನ್ನಿ, ಪೂರ್ತಿ ನೋಡೋಣ.

ಯಾರು ಈ ಬೆಸ್ಸಿ?

1892ರ ಜನವರಿ 26ರಂದು ಅಮೆರಿಕದ ಟೆಕ್ಸಸ್ ರಾಜ್ಯದ ಅಟ್ಲಾಂಟಾ ಎಂಬ ಸಣ್ಣ ಊರಿನಲ್ಲಿ ಬೆಸ್ಸಿ ಹುಟ್ಟಿದರು. (ಹೆಸರುವಾಸಿಯಾದ ಅಟ್ಲಾಂಟಾ ನಗರ ಬೇರೆ.) ಬೇರೆಯವರ ಹೊಲವನ್ನು ಪಾಲಿಗೆ ಮಾಡುತ್ತಿದ್ದ ದೊಡ್ಡ ಕುಟುಂಬ ಅವರದು. ಹತ್ತಿ ಬಿಡಿಸುವ ಕಾಲ ಬಂದರೆ ಶಾಲೆಗೆ ರಜೆ, ಮಕ್ಕಳೆಲ್ಲ ಹೊಲಕ್ಕೆ. 1915ರಲ್ಲಿ ಬೆಸ್ಸಿ ಶಿಕಾಗೋ ಸೇರಿದರು. ಅಲ್ಲೊಂದು ಕ್ಷೌರದಂಗಡಿಯಲ್ಲಿ ಗಿರಾಕಿಗಳ ಉಗುರು ತಿದ್ದುವ ಕೆಲಸಕ್ಕೆ ನಿಂತರು.

ಮೊದಲ ಮಹಾಯುದ್ಧ ಮುಗಿಸಿ ಬಂದ ಅಣ್ಣ, ಫ್ರಾನ್ಸಿನ ಹೆಂಗಸರು ವಿಮಾನ ಹಾರಿಸುತ್ತಾರೆ ಎಂದು ಹೇಳಿ ತಂಗಿಯನ್ನು ಛೇಡಿಸಿದರು. ಬೆಸ್ಸಿ ಅದನ್ನೇ ಹಟ ಹಿಡಿದರು. ಆದರೆ ಕಪ್ಪು ಬಣ್ಣದವರು, ಅದರಲ್ಲೂ ಹೆಂಗಸು ಎಂಬ ಕಾರಣಕ್ಕೆ ಅಮೆರಿಕದ ತರಬೇತಿ ಶಾಲೆಗಳು ಸೇರಿಸಿಕೊಳ್ಳಲಿಲ್ಲ. ಶಿಕಾಗೋ ಡಿಫೆಂಡರ್ ಪತ್ರಿಕೆಯ ರಾಬರ್ಟ್ ಅಬಟ್, ಫ್ರಾನ್ಸಿಗೇ ಹೋಗಿ ಕಲಿಯುವಂತೆ ಸಲಹೆ ಕೊಟ್ಟರು. ಬೆಸ್ಸಿ ಫ್ರೆಂಚ್ ಕಲಿತು, ಹಣ ಕೂಡಿಸಿ, 1920ರ ನವೆಂಬರ್‌ನಲ್ಲಿ ಹಡಗು ಹತ್ತಿದರು. ಲ ಕ್ರೊಟುವಾ ಎಂಬ ಊರಿನ ಕೊಡ್ರೋನ್ ಸಹೋದರರ ಶಾಲೆಯಲ್ಲಿ ಕಲಿತು, 1921ರ ಜೂನ್ 15ರಂದು ಅಂತಾರಾಷ್ಟ್ರೀಯ ಪರವಾನಗಿ ಪಡೆದರು. ಪೈಲಟ್ ಪರವಾನಗಿ ಪಡೆದ ಮೊದಲ ಆಫ್ರಿಕನ್ ಅಮೆರಿಕನ್ ಮಹಿಳೆ ಅವರೇ.

ವಿಮಾನಗಳ ಸರ್ಕಸ್

ಆಗ ಪೈಲಟ್‌ಗಳಿಗೆ ಹೊಟ್ಟೆಪಾಡಿನ ಒಂದು ದಾರಿ ಏರ್ ಷೋ. ಯುದ್ಧ ಮುಗಿದ ಮೇಲೆ ಕರ್ಟಿಸ್ ಜೆನ್ನಿ ಎಂಬ ತರಬೇತಿ ವಿಮಾನಗಳು ಅಗ್ಗಕ್ಕೆ ಮಾರಾಟವಾಗುತ್ತಿದ್ದವು. ಅವನ್ನು ಕೊಂಡವರು ಊರೂರು ಸುತ್ತಿ ಲಾಗ ಹಾಕಿಸುತ್ತಿದ್ದರು, ಹಾರುವ ವಿಮಾನದ ರೆಕ್ಕೆಯ ಮೇಲೆ ನಡೆಯುತ್ತಿದ್ದರು. ರೆಕ್ಕೆ ನಡಿಗೆಯಲ್ಲಿ ಹೆಸರಾಗಿದ್ದ ಓರ್ಮರ್ ಲಾಕ್ಲಿಯರ್ 1920ರಲ್ಲಿ ಸಿನಿಮಾ ಚಿತ್ರೀಕರಣದ ವೇಳೆ ವಿಮಾನ ಬಿದ್ದು ಸತ್ತಿದ್ದರು. ಆದರೂ ಜನ ಟಿಕೆಟ್ ಕೊಂಡು ಬರುತ್ತಿದ್ದರು.

1922ರ ಸೆಪ್ಟೆಂಬರ್ 3ರಂದು ನ್ಯೂಯಾರ್ಕ್ ಬಳಿಯ ಲಾಂಗ್ ಐಲೆಂಡ್‌ನಲ್ಲಿ ಬೆಸ್ಸಿ ಮೊದಲ ಪ್ರದರ್ಶನ ಕೊಟ್ಟರು. 1923ರ ಫೆಬ್ರವರಿಯಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಮೇಲೇರಿದ ಸ್ವಲ್ಪ ಹೊತ್ತಿಗೇ ಎಂಜಿನ್ ಕೈಕೊಟ್ಟು, ಅವರ ಜೆನ್ನಿ ನೆಲಕ್ಕೆ ಬಿತ್ತು. ಕಾಲು ಮುರಿಯಿತು, ಪಕ್ಕೆಲುಬು ಮುರಿಯಿತು. ವಾಸಿಯಾಗಿ ಮತ್ತೆ ಹಾರಿದರು. ಕಪ್ಪು ಜನರಿಗಾಗಿ ವಿಮಾನ ಶಾಲೆ ತೆರೆಯಬೇಕು ಎನ್ನುವುದು ಅವರ ಕನಸು. ಅದಕ್ಕೆ ಹಣ ಬೇಕಿತ್ತು.

1926ರ ಏಪ್ರಿಲ್ 30

ಫ್ಲೋರಿಡಾದ ಜ್ಯಾಕ್ಸನ್‌ವಿಲ್‌ನಲ್ಲಿ ಮರುದಿನ ಪ್ರದರ್ಶನವಿತ್ತು. ಬೆಸ್ಸಿ ಕೊಂಡಿದ್ದ ಹಳೆಯ ಜೆನ್ನಿಯನ್ನು ಮೆಕ್ಯಾನಿಕ್ ವಿಲಿಯಂ ವಿಲ್ಸ್ ಡಲ್ಲಾಸ್‌ನಿಂದ ಹಾರಿಸಿಕೊಂಡು ಬಂದಿದ್ದರು. ದಾರಿಯಲ್ಲಿ ತೊಂದರೆಯಾಗಿ ಒಂದಕ್ಕಿಂತ ಹೆಚ್ಚು ಸಲ ಇಳಿಸಬೇಕಾಗಿ ಬಂದಿತ್ತು. ಏಪ್ರಿಲ್ 30ರ ಬೆಳಿಗ್ಗೆ ಇಬ್ಬರೂ ತಾಲೀಮಿಗೆ ಹಾರಿದರು. ವಿಮಾನ ಹಾರಿಸುತ್ತಿದ್ದವರು ವಿಲ್ಸ್. ಮರುದಿನ ಪ್ಯಾರಾಚೂಟ್‌ನಿಂದ ಜಿಗಿಯಲಿದ್ದ ಬೆಸ್ಸಿ, ಇಳಿಯಲು ತಕ್ಕ ಜಾಗ ಹುಡುಕುತ್ತಿದ್ದರು. ಸುಮಾರು ಹತ್ತು ನಿಮಿಷದ ನಂತರ ವಿಮಾನ ಇದ್ದಕ್ಕಿದ್ದಂತೆ ಮೂತಿ ಕೆಳಗೆ ಮಾಡಿ ಗಿರಗಿರನೆ ಬೀಳತೊಡಗಿ ಮಗುಚಿತು. ಬೆಸ್ಸಿ ಹೊರಗೆ ಎಸೆಯಲ್ಪಟ್ಟರು. ಆಗ ಅವರಿಗೆ 34 ವರ್ಷ. ವಿಲ್ಸ್ ವಿಮಾನದ ಜೊತೆಗೇ ನೆಲಕ್ಕಪ್ಪಳಿಸಿ ಸತ್ತರು.

ಸ್ಪ್ಯಾನರ್ ಏನು ಮಾಡಿತು?

ಅವಶೇಷದಲ್ಲಿ, ನಿಯಂತ್ರಣ ಭಾಗಗಳ ನಡುವೆ ಸಿಕ್ಕಿಕೊಂಡಿದ್ದ ಸ್ಪ್ಯಾನರ್ ಒಂದು ಸಿಕ್ಕಿತು. ಜೆನ್ನಿಯಂಥ ವಿಮಾನದಲ್ಲಿ ಪೈಲಟ್ ಕೈಯಲ್ಲಿನ ಸ್ಟಿಕ್‌ಗೂ ಬಾಲದ ಪಟ್ಟಿಗಳಿಗೂ ಇರುವ ಸಂಬಂಧ ತಂತಿಗಳದು. ನಡುವೆ ಒಂದು ವಸ್ತು ಸಿಕ್ಕಿಕೊಂಡರೆ ಸ್ಟಿಕ್ ಅಲುಗದು. ನೆಲದಲ್ಲಿ ಸುಮ್ಮನೆ ಬಿದ್ದಿದ್ದ ಸ್ಪ್ಯಾನರ್, ವಿಮಾನ ವಾಲಿದಾಗ ಜಾರುತ್ತದೆ. ಮರೆತದ್ದು ನೆಲದ ಮೇಲೆ, ಅದರ ಫಲ ಕಂಡದ್ದು ಆಕಾಶದಲ್ಲಿ.

ಹಾಗಾದರೆ ಬೆಸ್ಸಿ ಹೊರಗೆ ಬಿದ್ದದ್ದೇಕೆ?

ಇದು ಬೇರೆಯೇ ಪ್ರಶ್ನೆ. ವಿಮಾನ ಬಿದ್ದದ್ದು ಸ್ಪ್ಯಾನರ್‌ನಿಂದ, ಬೆಸ್ಸಿ ವಿಮಾನದಿಂದ ಬಿದ್ದದ್ದು ಸೀಟ್ ಬೆಲ್ಟ್ ಹಾಕದ್ದರಿಂದ. ಬಸ್ಸಿನ ಡ್ರೈವರ್ ಗಕ್ಕನೆ ಬ್ರೇಕ್ ಹಾಕಿದರೆ ಬಸ್ಸು ನಿಲ್ಲುತ್ತದೆ, ನಿಂತಿರುವ ನಾವು ಮುಂದಕ್ಕೆ ಮುಗ್ಗರಿಸುತ್ತೇವೆ. ಇಲ್ಲೂ ಅದೇ. ವಿಮಾನ ದಿಕ್ಕು ಬದಲಿಸಿತು, ಬೆಸ್ಸಿಯವರ ದೇಹ ಮೊದಲಿನ ದಿಕ್ಕಿನಲ್ಲೇ ಸಾಗಿತು. ತೆರೆದ ಕಾಕ್‌ಪಿಟ್‌ಗೆ ಚಾವಣಿ ಇರಲಿಲ್ಲ. ಪ್ಯಾರಾಚೂಟ್ ಕೂಡ ಕಟ್ಟಿಕೊಂಡಿರಲಿಲ್ಲ, ಏಕೆಂದರೆ ಜಿಗಿತ ಇದ್ದದ್ದು ಮರುದಿನ.

ಬೆಲ್ಟ್ ಬಿಚ್ಚಿದ್ದು ಧಿಮಾಕಿನಿಂದಲ್ಲ. ಬೆಸ್ಸಿ ಗಿಡ್ಡ ಆಳು. ಕಾಕ್‌ಪಿಟ್ ಅಂಚಿನಾಚೆ ಬಗ್ಗಿ ನೆಲ ನೋಡಬೇಕಿದ್ದರೆ ಬೆಲ್ಟ್ ಅಡ್ಡಿ. ಹೆಲ್ಮೆಟ್ ಹಾಕದೆ ಹಾಲು ತರಲು ಹೊರಡುವ ನಮಗೂ ಹೀಗೇ ಒಂದು ಒಳ್ಳೆಯ ಕಾರಣ ಇರುತ್ತದೆ.

ಬೆಲ್ಟ್ ಹಾಕಿದ್ದರೆ ಬದುಕುತ್ತಿದ್ದರೇ? ಹಾಗೆ ಖಚಿತವಾಗಿ ಹೇಳಲಾಗದು. ಒಳಗೇ ಉಳಿದ ವಿಲ್ಸ್ ಕೂಡ ಸತ್ತರು. ಅದಕ್ಕೇ ತನಿಖೆ ಮಾಡುವವರು ಒಬ್ಬ ತಪ್ಪಿತಸ್ಥನನ್ನು ಹುಡುಕಿ ನಿಲ್ಲಿಸುವುದಿಲ್ಲ. ಹಳೆಯ ವಿಮಾನ, ದಾರಿಯಲ್ಲೇ ಕೊಟ್ಟ ಎಚ್ಚರಿಕೆ, ಮರೆತ ಸ್ಪ್ಯಾನರ್, ಬಿಚ್ಚಿದ ಬೆಲ್ಟ್: ಎಲ್ಲವನ್ನೂ ಸಾಲಾಗಿ ಇಟ್ಟು, ಎಲ್ಲೆಲ್ಲಿ ತಡೆಯಬಹುದಿತ್ತು ಎಂದು ಕೇಳುತ್ತಾರೆ. ಒಳ್ಳೆಯ ವಿಮಾನ ಕೊಳ್ಳಲು ಹಣವಿಲ್ಲದ್ದೂ ಆ ಸಾಲಿನಲ್ಲಿ ಬರುತ್ತದೆ.

ಇನ್ನೊಂದು ಸಂಗತಿ ಗಮನಿಸಿ. ವಿಮಾನ ಬಿದ್ದ ಮೇಲೆ ಅಲ್ಲಿ ಸೇರಿದ್ದ ಒಬ್ಬರು ಬೆಂಕಿಕಡ್ಡಿ ಗೀರಿದರು, ಪೆಟ್ರೋಲ್ ಆವಿ ಹೊತ್ತಿಕೊಂಡಿತು. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಕಣ್ಣಿಗೆ ಕಾಣದೆ ನೆಲದುದ್ದಕ್ಕೂ ಹರಡುತ್ತದೆ. ರಸ್ತೆ ಅಪಘಾತದ ಜಾಗದಲ್ಲಿ ಬೀಡಿ, ಸಿಗರೇಟು ಹಚ್ಚಬಾರದು ಎನ್ನುವುದು ಇದಕ್ಕೇ.

ಆಮೇಲೆ ಏನಾಯಿತು?

ಬೆಸ್ಸಿ ಸತ್ತ 20 ದಿನಕ್ಕೆ, 1926ರ ಮೇ 20ರಂದು, ಅಮೆರಿಕದಲ್ಲಿ ವಾಯು ವಾಣಿಜ್ಯ ಕಾಯ್ದೆ ಬಂತು. ಪೈಲಟ್‌ಗಳಿಗೆ ಪರವಾನಗಿ, ವಿಮಾನಗಳ ತಪಾಸಣೆ, ಅಪಘಾತದ ಕಾರಣಗಳ ತನಿಖೆ ಸರ್ಕಾರದ ಹೊಣೆಯಾದವು. ಆದರೆ ಬೆಸ್ಸಿ ಸಾವಿನಿಂದಲೇ ಈ ಕಾಯ್ದೆ ಬಂತು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅದರ ಸಿದ್ಧತೆ ಮೊದಲೇ ನಡೆದಿತ್ತು.

ಇಂದು ವಿಮಾನ ರಿಪೇರಿ ಮಾಡುವ ಕಡೆ ಪ್ರತಿ ಸ್ಪ್ಯಾನರ್‌ಗೂ ಅದರದೇ ಆಕಾರದ ಗುರುತಿನ ಜಾಗ ಇರುತ್ತದೆ. ಒಂದು ಜಾಗ ಖಾಲಿ ಕಂಡರೂ ಹುಡುಕಾಟ ಶುರು. ಲಾಗ ಹಾಕುವ ಪೈಲಟ್‌ಗಳು ಜೇಬಿನ ಚಿಲ್ಲರೆ, ಪೆನ್ನು ಕೂಡ ತೆಗೆದಿಟ್ಟು, ಹಲವು ಪಟ್ಟಿಗಳ ಬೆಲ್ಟ್ ಬಿಗಿದುಕೊಳ್ಳುತ್ತಾರೆ. ಯಲಹಂಕದ ಏರೋ ಇಂಡಿಯಾದಲ್ಲಿ ರೆಕ್ಕೆಯ ಮೇಲೆ ನಿಂತು ಕೈಬೀಸಿದ ವಿಂಗ್ ವಾಕರ್‌ಗಳನ್ನು ನೀವು ನೋಡಿರಬಹುದು. ಅವರ ಸೊಂಟದಲ್ಲೂ ಗಟ್ಟಿ ಬೆಲ್ಟ್ ಇರುತ್ತದೆ.

ಬೆಸ್ಸಿಯವರ ಶಾಲೆಯ ಕನಸು ಅವರೊಂದಿಗೆ ಸಾಯಲಿಲ್ಲ. 1929ರಲ್ಲಿ ವಿಲಿಯಂ ಪೊವೆಲ್ ಲಾಸ್ ಏಂಜಲೀಸ್‌ನಲ್ಲಿ ಬೆಸ್ಸಿ ಕೋಲ್ಮನ್ ಏರೋ ಕ್ಲಬ್ ಕಟ್ಟಿದರು. 1992ರಲ್ಲಿ ಬಾಹ್ಯಾಕಾಶಕ್ಕೆ ಹೋದ ಮೊದಲ ಆಫ್ರಿಕನ್ ಅಮೆರಿಕನ್ ಮಹಿಳೆ ಮೇ ಜೆಮಿಸನ್, ಬೆಸ್ಸಿಯ ಚಿತ್ರವನ್ನು ಜೊತೆಗೆ ಒಯ್ದಿದ್ದರು.

ಈ ಕಥೆಯನ್ನು ಖಂಡಿತ ಹಂಚಿಕೊಳ್ಳಿ. ಸ್ಪ್ಯಾನರ್ ಜೊತೆಗೆ ಸೀಟ್ ಬೆಲ್ಟ್ ವಿಷಯವನ್ನೂ ಸೇರಿಸಿ ಹಂಚಿಕೊಳ್ಳಿ.