ದೇವರಾಜ ಅರಸರೂ ಜೀತದ ಕಾಯಿದೆಯೂ

ಹುಣಸೂರು ತಾಲ್ಲೂಕು ಗಾವಡಗೆರೆ ಸೀಮೆಯ ವಾಚಕರಿಗೆ ಜೀತವೆಂಬ ಮಾತಿನ ಅರ್ಥವನ್ನು ನಾವು ಹೇಳಬೇಕಾದುದಿಲ್ಲ. ಮದುವೆಗೋ ಕಾಯಿಲೆಗೋ ತಂದ ಅಲ್ಪ ಸಾಲಕ್ಕಾಗಿ ತಂದೆಯು ಒಡೆಯನ ಮನೆಯಲ್ಲಿ ದುಡಿದು, ಅವನ ತರುವಾಯ ಮಗನೂ ಅದೇ ಕೊಟ್ಟಿಗೆಯ ಸಗಣಿ ಬಾಚಿದ ಕಥೆ ಮೈಸೂರು ಸೀಮೆಗೆ ಹೊಸದಲ್ಲ. ಈ ಕಟ್ಟನ್ನು ಬಿಡಿಸಲು ಅಧಿಕಾರವನ್ನು ಪ್ರಯೋಗಿಸಿದವರಲ್ಲಿ ಒಬ್ಬರು ಇದೇ ತಾಲ್ಲೂಕಿನವರೆಂಬುದು ಸ್ಮರಣೀಯವಾಗಿದೆ.

ಶ್ರೀ ಡಿ. ದೇವರಾಜ ಅರಸರು 1915ನೆಯ ಇಸವಿ ಆಗಸ್ಟ್ 20ರಂದು ಕಲ್ಲಹಳ್ಳಿಯಲ್ಲಿ ಜನಿಸಿದರು. ಅರಸು ಕುಲದವರಾದರೂ ವಿದ್ಯಾಭ್ಯಾಸ ಮುಗಿದ ಮೇಲೆ ಊರಿಗೆ ಮರಳಿ ಆರಂಭ ಮಾಡಿಸಿದರು. 1941ರಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನೂ 1952ರಲ್ಲಿ ಹುಣಸೂರಿನಿಂದ ಶಾಸನಸಭೆಯನ್ನೂ ಪ್ರವೇಶಿಸಿ, 1972ನೆಯ ಮಾರ್ಚ್ 20ರಂದು ಮುಖ್ಯಮಂತ್ರಿಗಳಾದರು.

ಅವರು 1974ರಲ್ಲಿ ಜಾರಿಗೆ ತಂದ ಭೂಸುಧಾರಣೆಯು ಗೇಣಿದಾರನನ್ನು ಭೂಮಿಯ ಒಡೆಯನನ್ನಾಗಿ ಮಾಡಿತು. ಗೇಣಿದಾರನು ತಾನೇ ಅರ್ಜಿ ಹಿಡಿದು ಭೂನ್ಯಾಯಮಂಡಲಿಯ ಮುಂದೆ ನಿಲ್ಲಬಲ್ಲವನಾಗಿದ್ದನು. ಜೀತಗಾರನ ಸ್ಥಿತಿಯೇ ಬೇರೆ. 1975ನೆಯ ಅಕ್ಟೋಬರ್ 25ರಿಂದ ಜಾರಿಗೆ ಬಂದ ಕೇಂದ್ರದ ಕಾಯಿದೆಯು ಅವನ ಸಾಲವನ್ನು ಅಳಿಸಿತು. ದುಡಿಸಿಕೊಂಡವನಿಗೆ 3 ವರ್ಷದವರೆಗೆ ಸಜೆಯನ್ನೂ 2000 ರೂಪಾಯಿಯವರೆಗೆ ಜುಲ್ಮಾನೆಯನ್ನೂ ವಿಧಿಸಿತು. ಸಾಲವು ಜೀತದ್ದಲ್ಲವೆಂದು ರುಜುವಾತುಪಡಿಸುವ ಹೊಣೆಯನ್ನು ಸಾಲಗಾರನಿಂದ ತೆಗೆದು ಸಾಲ ಕೊಟ್ಟವನ ಮೇಲೆ ಹೊರಿಸಿತು. ತುರ್ತುಪರಿಸ್ಥಿತಿಯಲ್ಲಿ ಪ್ರಜೆಗಳ ಸ್ವಾತಂತ್ರ್ಯವನ್ನು ಕಸಿದುಕೊಂಡ ಸರ್ಕಾರವೇ ಜೀತಗಾರನಿಗೆ ಸ್ವಾತಂತ್ರ್ಯವನ್ನು ಸಾರಿದ ವೈಚಿತ್ರ್ಯವನ್ನು ನಾವು ಮರೆಯಲಾರೆವು.

ಕಾಯಿದೆ ದೆಹಲಿಯದು, ಜಾರಿಯ ಭಾರ ಅರಸರ ಸರ್ಕಾರದ್ದು. ಜಿಲ್ಲಾಧಿಕಾರಿಗಳಿಗೂ ಜಾಗೃತಿ ಸಮಿತಿಗಳಿಗೂ ಆ ಕಾರ್ಯವು ಸೇರಿತು. ಆದರೆ ಲೆಕ್ಕ ಬರೆಯಲು ಬಂದ ಅಧಿಕಾರಿ ಕುಳಿತುಕೊಳ್ಳುವುದು ಒಡೆಯನ ಜಗುಲಿಯ ಮೇಲೆಯೇ ಆದರೆ, ಅಂಗಳದಲ್ಲಿ ಕೈಕಟ್ಟಿ ನಿಂತವನು ತಾನು ಜೀತದವನೆಂದು ಹೇಗೆ ನುಡಿದಾನು? ಅವನಲ್ಲಿ ಪತ್ರವಿಲ್ಲ, ಸಾಕ್ಷಿಯಿಲ್ಲ. ನಾಳೆಯ ಅಂಬಲಿಯೂ ಒಡೆಯನದೇ. ಬಿಡುಗಡೆಯಾದವನಿಗೆ ತುಂಡು ನೆಲವಾಗಲಿ ಬೇರೆ ಕೂಲಿಯಾಗಲಿ ದೊರೆಯದಿದ್ದರೆ ಹಸಿವೇ ಅವನನ್ನು ಹಿಂದಕ್ಕೆ ಎಳೆದೊಯ್ಯುವುದು. ಕನಿಷ್ಠ ಕೂಲಿಗಿಂತ ಕಡಮೆಗೆ ಬಲವಂತದಿಂದ ದುಡಿಸಿದರೆ ಅದನ್ನು ಜೀತವೆಂದೇ ಭಾವಿಸತಕ್ಕದ್ದೆಂದು ಸರ್ವೋಚ್ಚ ನ್ಯಾಯಾಲಯವು 1983ರಲ್ಲಿ ತೀರ್ಮಾನಿಸಬೇಕಾಗಿ ಬಂದುದು ಈ ಕಾರಣದಿಂದಲೇ.

ಅರಸರು 1980ರಲ್ಲಿ ಅಧಿಕಾರವನ್ನು ಬಿಟ್ಟು, 1982ನೆಯ ಜೂನ್ 6ರಂದು ದಿವಂಗತರಾದರು. ಅವರ ಆಡಳಿತದ ಮೇಲೆ ಆಪಾದನೆಗಳು ಬಂದುವು. ವಿಚಾರಣಾ ಆಯೋಗವೂ ನೇಮಕವಾಯಿತು. ಅದನ್ನು ಮರೆಮಾಚುವುದು ನಮ್ಮ ಉದ್ದೇಶವಲ್ಲ. ಆದರೆ ಊಳುವವನಿಗೆ ನೆಲವೂ ದುಡಿಯುವವನಿಗೆ ಬಿಡುಗಡೆಯೂ ಜೊತೆಯಾಗಿ ಬರಬೇಕೆಂಬ ಪಾಠವನ್ನು ಅವರ ಬಾಳು ನಮಗೆ ಬಿಟ್ಟುಹೋಗಿದೆ. ಅವರ ಜಯಂತಿಯಂದು ಹಾರ ಹಾಕುವ ಅಧಿಕಾರಿಗಳು ಅಂದೇ ಒಂದು ಕೊಟ್ಟಿಗೆಯ ಬಾಗಿಲಿಗೂ ಹೋಗಿ, ಒಡೆಯನಿಲ್ಲದ ವೇಳೆಯಲ್ಲಿ ಆಳನ್ನು ಮಾತನಾಡಿಸಲಿ. ಅರಸರಿಗೆ ಅದಕ್ಕಿಂತ ತಕ್ಕ ಗೌರವವನ್ನು ನಾವು ಕಾಣೆವು.